ಒಕ್ಕಲುತನದ ಯಂತ್ರಗಳೂ ನಮ್ಮ ಮಕ್ಕಳೂ

ನಮ್ಮ ಶಾಲೆಯಲ್ಲಿ ಕಲಿಯುವ ಮಕ್ಕಳಲ್ಲಿ ಅನೇಕರಿಗೆ ಎರಡು ಊರುಗಳುಂಟು. ಒಂದು, ತಂದೆತಾಯಿಗಳು ದುಡಿದು ಬದುಕುತ್ತಿರುವ ಈ ಮಹಾನಗರ. ಇನ್ನೊಂದು, ವಿಜಯಪುರ, ಕಲಬುರಗಿ, ಬೀದರ, ಬಾಗಲಕೋಟೆ, ಬೆಳಗಾವಿ ಇವುಗಳಲ್ಲಿ ಯಾವುದೋ ಒಂದು ಜಿಲ್ಲೆಯಲ್ಲಿರುವ ಅಜ್ಜನ ಊರು. ದೀಪಾವಳಿಯ ಸೂಟಿ ಬಂದಿತೆಂದರೆ ಒಮ್ಮೆ, ಮೇ ತಿಂಗಳ ಸೂಟಿ ಬಂದಿತೆಂದರೆ ಮತ್ತೊಮ್ಮೆ ಮಕ್ಕಳು ಆ ಊರಿನ ದಾರಿ ಹಿಡಿಯುತ್ತಾರೆ. ಆ ಎರಡು ಸೂಟಿಗಳೂ ಒಕ್ಕಲಿಗನ ಪಾಲಿಗೆ ಬಿಡುವಿನ ದಿನಗಳಲ್ಲವೆಂಬುದನ್ನು ಮಾತ್ರ ನಾವು ಮರೆಯುತ್ತೇವೆ. ದೀಪಾವಳಿಯ ಹೊತ್ತಿಗೆ ಸೋಯಾ ಮತ್ತು ಶೇಂಗಾ ಬೆಳೆಗಳ ರಾಶಿ ನಡೆದಿರುತ್ತದೆ, ಕಬ್ಬಿನ ಟ್ರೇಲರುಗಳು ಕಾರಖಾನೆಯ ಹಾದಿ ಹಿಡಿದಿರುತ್ತವೆ. ಮೇ ತಿಂಗಳಲ್ಲಿ ಮುಂಗಾರಿಗೆ ಮುನ್ನ ನೆಲ ಹದಮಾಡುವ ಅವಸರ. ಎಂದರೆ ವರ್ಷದಲ್ಲಿ ಯಂತ್ರಗಳು ಅತ್ಯಧಿಕವಾಗಿ ತಿರುಗುವ ವಾರಗಳಲ್ಲಿಯೇ, ಯಂತ್ರಗಳ ಪರಿಚಯ ಅತ್ಯಲ್ಪವಾಗಿರುವ ಮಕ್ಕಳನ್ನು ನಾವು ಅವುಗಳ ಮಧ್ಯಕ್ಕೆ ಕಳುಹುತ್ತೇವೆ. ನಗರದಲ್ಲಿ ರಸ್ತೆ ದಾಟುವಾಗ ಮಗುವಿನ ಮುಂಗೈಯನ್ನು ಬಿಗಿಹಿಡಿಯುವ ತಾಯಿಯು ಅಜ್ಜನ ಊರಿನ ಅಗಸಿ ಬಾಗಿಲಲ್ಲಿ ಅದನ್ನು ನಿಶ್ಚಿಂತೆಯಿಂದ ಬಿಟ್ಟುಬಿಡುತ್ತಾಳೆ.

ಈ ನಿಶ್ಚಿಂತೆಗೆ ಕಾರಣವಿಲ್ಲದೆ ಇಲ್ಲ. ನಮ್ಮಲ್ಲಿ ಹಿರಿಯರಾದವರು ಬೆಳೆದುದು ಎತ್ತಿನ ಕಾಲದ ಕಣದಲ್ಲಿ. ನಡುವೆ ಮೇಟಿ, ಅದರ ಸುತ್ತ ತೆನೆಗಳ ಹರಹು, ಅದರ ಮೇಲೆ ಸಾಲಾಗಿ ಸುತ್ತುವ ಎತ್ತುಗಳು, ರಾತ್ರಿಯೆಲ್ಲ ಹಂತಿಯ ಹಾಡು. ಹುಡುಗರು ಎತ್ತುಗಳ ಹಿಂದೆಯೇ ಓಡಾಡುತ್ತಿದ್ದರು, ದಣಿದಾಗ ಕಣಕಿಯ ಬಣಿವೆಗೆ ಒರಗಿ ನಿದ್ದೆಹೋಗುತ್ತಿದ್ದರು. ಹೆಂಟೆಯೊಡೆಯಲು ಹೊಲದ ಮೇಲೆ ಕೊರಡು ಎಳೆಯುವಾಗ ಅದಕ್ಕೆ ಭಾರ ಬೇಕೆಂದು ಮನೆಯ ಹುಡುಗನನ್ನೇ ಅದರ ಮೇಲೆ ಕೂರಿಸುವ ವಾಡಿಕೆಯಿತ್ತು. ಹುಡುಗನಿಗೆ ಅದು ಸವಾರಿ, ಅಪ್ಪನಿಗೆ ಅದು ಕೆಲಸ. ಅವನು ಜಾರಿ ಬಿದ್ದರೆ ಮೈಗೆ ಮಣ್ಣು ಮೆತ್ತಿಕೊಳ್ಳುತ್ತಿತ್ತು, ಮೊಣಕಾಲು ತರಚುತ್ತಿತ್ತು. ಎತ್ತು ನಡೆಯುವುದು ಮನುಷ್ಯನ ನಡಿಗೆಯ ವೇಗದಲ್ಲಿ. ಕಾಲ ಬಳಿ ಮಗು ಬಿದ್ದರೆ ಅದು ಬೆದರುತ್ತದೆ, ಹಿಂಜರಿಯುತ್ತದೆ, ಒಡೆಯನು ಕೂಗಿದರೆ ನಿಲ್ಲುತ್ತದೆ. ಹಳೆಯ ಒಕ್ಕಲುತನದಲ್ಲಿ ಅಪಾಯವಿರಲಿಲ್ಲವೆಂದು ಇದರರ್ಥವಲ್ಲ. ಕಬ್ಬಿನ ಗಾಣಕ್ಕೆ ಕೈ ಕೊಟ್ಟವರಿದ್ದರು, ಕಟ್ಟೆಯಿಲ್ಲದ ಬಾವಿಗೆ ಬಿದ್ದವರಿದ್ದರು. ಆದರೆ ಅಂದಿನ ಕಣದಲ್ಲಿ ತಪ್ಪಿಗೂ ಅದರ ಶಿಕ್ಷೆಗೂ ನಡುವೆ ಒಂದಿಷ್ಟು ಅವಕಾಶವಿತ್ತು. ಆ ಅವಕಾಶದಲ್ಲಿ ಹಿರಿಯರ ಕೂಗು ಕೇಳುತ್ತಿತ್ತು, ಎತ್ತಿನ ವಿವೇಕವೂ ಕೆಲಸಮಾಡುತ್ತಿತ್ತು.

ಈ ಅವಕಾಶವನ್ನು ಯಂತ್ರವು ಇಲ್ಲವಾಗಿಸಿದೆ. 1959ರಲ್ಲಿ ಫರೀದಾಬಾದಿನ ಐಶರ್ ಕಾರಖಾನೆಯಿಂದ ನಮ್ಮ ದೇಶದಲ್ಲಿಯೇ ತಯಾರಾದ ಮೊದಲ ಟ್ರ್ಯಾಕ್ಟರು ಹೊರಬಂದಿತು. ಅಂದು ಊರಿಗೆ ಒಂದಿದ್ದರೆ ಹೆಚ್ಚೆನಿಸುತ್ತಿದ್ದ ಆ ವಾಹನವು ಇಂದು ಓಣಿಓಣಿಯಲ್ಲಿ ನಿಂತಿದೆ. ಇಲ್ಲದವರೂ ತಾಸಿನ ಬಾಡಿಗೆಗೆ ಅದನ್ನು ತರಿಸುತ್ತಾರೆ. ತಾಸಿನ ಲೆಕ್ಕವಾದುದರಿಂದ ಒಡೆಯನಿಗೂ ಅವಸರ, ಚಾಲಕನಿಗೂ ಅವಸರ. ಕಾರಖಾನೆಗೆ ಹೆಬ್ಬಾಗಿಲುಂಟು, ಕಾವಲುಗಾರನುಂಟು. ಹದಿನಾಲ್ಕು ತುಂಬದ ಮಗು ಅಲ್ಲಿ ಕೆಲಸಮಾಡಕೂಡದೆಂದು 1948ರ ಕಾರಖಾನೆಗಳ ಕಾಯದೆಯೇ ವಿಧಿಸಿತ್ತು. ಹೊಲಕ್ಕಾದರೋ ಹೆಬ್ಬಾಗಿಲಿಲ್ಲ. ಅಲ್ಲಿ ಮನೆಯ ಅಂಗಳವೇ ಕಾರಖಾನೆ. ಅಡಿಗೆಯ ಒಲೆಗೂ ಮೇವು ಕತ್ತರಿಸುವ ಯಂತ್ರಕ್ಕೂ ನಡುವೆ ಹತ್ತು ಹೆಜ್ಜೆ, ತೊಟ್ಟಿಲಿಗೂ ಟ್ರ್ಯಾಕ್ಟರಿನ ಚಕ್ರಕ್ಕೂ ನಡುವೆ ಒಂದು ಹೊಸ್ತಿಲು. ಮಕ್ಕಳ ವಿಷಯದಲ್ಲಿ ಒಕ್ಕಲುತನವು ಮಿಕ್ಕೆಲ್ಲ ಉದ್ಯೋಗಗಳಿಗಿಂತ ಭಿನ್ನವಾಗಿರುವುದು ಇದರಿಂದಲೇ.

ಈಗ ಯಂತ್ರಗಳ ಗುಣವನ್ನು ಸ್ವಲ್ಪ ವಿಚಾರಿಸೋಣ. ಎಂಟನೆಯ, ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಕೈಯಲ್ಲಿ ಸೀಸಕಡ್ಡಿ ಹಿಡಿದು ಈ ಭಾಗವನ್ನು ಓದಬೇಕೆಂದು ನಮ್ಮ ಅಪೇಕ್ಷೆ.

ಟ್ರ್ಯಾಕ್ಟರಿನ ಹಿಂಭಾಗದಲ್ಲಿ, ಎರಡು ದೊಡ್ಡ ಚಕ್ರಗಳ ನಡುವಿನಿಂದ, ಒಂದು ಉಕ್ಕಿನ ದಂಡವು ಹೊರಚಾಚಿ ತಿರುಗುತ್ತಿರುತ್ತದೆ. ಅದನ್ನು ಎಲ್ಲರೂ ‘ಪಿ.ಟಿ.ಒ. ಶಾಫ್ಟು’ ಎಂದೇ ಕರೆಯುತ್ತಾರೆ. ಎಂಜಿನಿನ ಶಕ್ತಿಯನ್ನು ರಾಶಿಯಂತ್ರಕ್ಕೋ ರೋಟಾವೇಟರಿಗೋ ನೀರೆತ್ತುವ ಪಂಪಿಗೋ ಒಯ್ದು ಮುಟ್ಟಿಸುವುದು ಅದರ ಕೆಲಸ. ನೋಡುವುದಕ್ಕೆ ಅದರಷ್ಟು ನಿರುಪದ್ರವಿಯಾದ ವಸ್ತು ಇನ್ನೊಂದಿಲ್ಲ. ಅದಕ್ಕೆ ಹಲ್ಲಿಲ್ಲ, ಅಲಗಿಲ್ಲ; ವೇಗವಾಗಿ ತಿರುಗುವಾಗ ಅದು ತಿರುಗುತ್ತಿದೆಯೆಂಬುದು ಕೂಡ ಕಣ್ಣಿಗೆ ಕಾಣುವುದಿಲ್ಲ, ನಿಂತ ಕೋಲಿನಂತೆಯೇ ತೋರುತ್ತದೆ. ಅದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು. ಅದರ ಕೀಲಿನ ದಪ್ಪವನ್ನು 10 ಸೆಂಟಿಮೀಟರೆಂದು ಹಿಡಿದರೆ ಸುತ್ತಳತೆ ಸುಮಾರು 31 ಸೆಂಟಿಮೀಟರು. ಇದನ್ನು ಒಂಬತ್ತರಿಂದ ಗುಣಿಸಿರಿ. ಸೆಕೆಂಡಿಗೆ 280 ಸೆಂಟಿಮೀಟರಿನಷ್ಟು ಬಟ್ಟೆಯನ್ನು ಆ ದಂಡವು ತನ್ನ ಮೈಗೆ ಸುತ್ತಿಕೊಳ್ಳಬಲ್ಲದೆಂದಾಯಿತು. ಐದೂವರೆ ಮೀಟರಿನ ಸೀರೆಗೆ ಎರಡು ಸೆಕೆಂಡು ಸಾಕು. ಹುಡುಗಿಯ ಓಢಣಿಗೆ, ಬಿಚ್ಚಿದ ಜಡೆಗೆ, ಹುಡುಗನ ಅಂಗಿಯ ಚುಂಗಿಗೆ ಒಂದು ಸೆಕೆಂಡೂ ಬೇಡ. ಎಚ್ಚರವಾಗಿರುವ ವಯಸ್ಕನಿಗೂ ಕಂಡುದನ್ನು ಅರಿತು ಕೈಯಾಡಿಸಲು ಅರ್ಧದಿಂದ ಒಂದು ಸೆಕೆಂಡು ಹಿಡಿಯುತ್ತದೆ. ಕಿರುಚುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಆಗಬೇಕಾದುದು ಆಗಿಹೋಗಿರುತ್ತದೆ. ಬಟ್ಟೆ ಹರಿದು ಮಗು ಬಿಡಿಸಿಕೊಂಡೀತೆಂದು ಎಣಿಸುವವರಿದ್ದಾರೆ. ಟೆರಿಲೀನಿನಂತಹ ಇಂದಿನ ನೂಲು ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಅದು ತನ್ನೊಡನೆ ಮೈಯನ್ನೂ ಎಳೆದೊಯ್ಯುತ್ತದೆ.

ಈ ದಂಡದ ಮೇಲೆ ಪ್ಲಾಸ್ಟಿಕ್ಕಿನ ಕೊಳವೆಯಂತಹ ಹೊದಿಕೆಯೊಂದಿರುತ್ತದೆ. ಒಳಗೆ ದಂಡ ತಿರುಗಿದರೂ ಸರಪಳಿಯ ಕಟ್ಟಿನಿಂದ ಹೊದಿಕೆಯು ಅಲುಗದೆ ನಿಂತಿರಬೇಕು. ಎಣ್ಣೆ ಹಾಕಲು ಅಡ್ಡಿಯೆಂದೋ, ಒಡೆದುಹೋಯಿತೆಂದೋ, ಅದನ್ನು ಕಿತ್ತೊಗೆದಿರುವುದನ್ನು ಎಷ್ಟೋ ಕಡೆ ಕಾಣಬಹುದು. ಊರಿಗೆ ಹೋದ ಪಾಲಕರು ಮನೆಯ ಟ್ರ್ಯಾಕ್ಟರಿನ ಬಳಿ ಮೊದಲು ನೋಡಬೇಕಾದುದು ಅದರ ಬಣ್ಣವನ್ನಾಗಲಿ ಅಶ್ವಶಕ್ತಿಯನ್ನಾಗಲಿ ಅಲ್ಲ, ಈ ಹೊದಿಕೆಯನ್ನು.

ಎರಡನೆಯ ಲೆಕ್ಕ ಮಡ್‌ಗಾರ್ಡಿನದು. ಟ್ರ್ಯಾಕ್ಟರಿನಲ್ಲಿ ಪೀಠ ಒಂದೇ, ಅದು ಚಾಲಕನದು. ಆದರೆ ನಗರದಿಂದ ಮೊಮ್ಮಗ ಬಂದನೆಂದರೆ ಅವನಿಗೆ ಮಡ್‌ಗಾರ್ಡೇ ಸಿಂಹಾಸನ. ಹಿಂದಿನ ಚಕ್ರವನ್ನು ಮುಚ್ಚಿದ ಆ ತಗಡಿನ ಎತ್ತರವನ್ನು ಸವಾ ಮೀಟರೆಂದು ತಿಳಿಯೋಣ. ಅಲ್ಲಿಂದ ಜಾರಿದ ಮಗು ನೆಲ ಮುಟ್ಟಲು ಅರ್ಧ ಸೆಕೆಂಡು ಸಾಕೆಂಬುದನ್ನು ಗುರುತ್ವದ ಸೂತ್ರದಿಂದ ನೀವೇ ತೆಗೆಯಬಹುದು. ತಾಸಿಗೆ 10 ಕಿಲೋಮೀಟರು ವೇಗವೆಂದರೆ ಸೈಕಲ್ಲಿಗಿಂತಲೂ ಮೆಲ್ಲನೆ ಎಂದಾಯಿತು. ಅಷ್ಟು ನಿಧಾನವಾಗಿ ಹೋಗುತ್ತಿದ್ದರೂ ಆ ಅರ್ಧ ಸೆಕೆಂಡಿನಲ್ಲಿ ಟ್ರ್ಯಾಕ್ಟರು ಸುಮಾರು 1.4 ಮೀಟರು ಮುಂದೆ ಸರಿದಿರುತ್ತದೆ. ಮಗು ಮುಂದಕ್ಕೆ ಜಾರಿದರೆ ಬೀಳುವುದು ಹಿಂದಿನ ದೊಡ್ಡ ಚಕ್ರದ ಎದುರಿಗೇ. ಸಾಮಾನ್ಯ ಟ್ರ್ಯಾಕ್ಟರಿನ ತೂಕ ಎರಡು ಟನ್ನಿನ ಆಸುಪಾಸು, ಅದರ ಬಹುಪಾಲು ಹಿಂದಿನ ಚಕ್ರಗಳ ಮೇಲೆ. ಚಾಲಕನು ಎಷ್ಟೇ ನುರಿತವನಾಗಿರಲಿ, ಬ್ರೇಕು ಎಷ್ಟೇ ಹೊಸದಾಗಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ‘ನಾನು ಒಂದು ಕೈಯಿಂದ ಹಿಡಿದುಕೊಂಡಿರುತ್ತೇನೆ’ ಎನ್ನುವ ಕಾಕನ ಮಾತು ಪ್ರೀತಿಯದು, ಆದರೆ ಅರ್ಥವಿಲ್ಲದ್ದು. ಆ ಕೈ ಚಾಲನಚಕ್ರದ ಮೇಲೆ ಇರಬೇಕಾದ ಕೈ.

ರೋಟಾವೇಟರಿನ ಮೇಲೆ, ಹೆಂಟೆಯೊಡೆಯುವ ಹಲಗೆಯ ಮೇಲೆ ಭಾರಕ್ಕಾಗಿ ಹುಡುಗರನ್ನು ನಿಲ್ಲಿಸುವುದು ಹಳೆಯ ಕೊರಡಿನ ವಾಡಿಕೆಯ ಮುಂದುವರಿಕೆಯಾಗಿದೆ. ವಾಡಿಕೆಯೊಂದು ತಾನು ಹುಟ್ಟಿದ ಪರಿಸ್ಥಿತಿಯನ್ನು ಮೀರಿ ಬದುಕಿದರೆ ಹೇಗೆ ಕೊಲೆಗಡುಕತನವಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ. ಭಾರ ಬೇಕಾದರೆ ಮರಳಿನ ಚೀಲವಿದೆ.

ಟ್ರ್ಯಾಕ್ಟರು ಮಗುಚುವುದು ಇನ್ನೊಂದು ಬಗೆ. ಒಡ್ಡಿನ ಅಂಚಿನಲ್ಲಿ ಅದು ಪಕ್ಕಕ್ಕೆ ಉರುಳುತ್ತದೆ. ಹಿಂದಿನ ಚಕ್ರಗಳು ಕೆಸರಿನಲ್ಲಿ ಹುಗಿದು ಎಂಜಿನು ಜಗ್ಗಿದಾಗ ಮುಂಭಾಗವೇ ಮೇಲೆದ್ದು ಹಿಂದಕ್ಕೆ ಬೀಳುತ್ತದೆ. ಮೂತಿ ಏಳುವುದಕ್ಕೂ ಅದು ಚಾಲಕನ ಮೇಲೆ ಬೀಳುವುದಕ್ಕೂ ನಡುವಣ ಕಾಲ ಸುಮಾರು ಒಂದೂವರೆ ಸೆಕೆಂಡು. ಈ ಅಪಾಯಕ್ಕೆ ತಡೆಯಾಗಿ ಚಾಲಕನ ತಲೆಯ ಮೇಲೆ ಗಟ್ಟಿಯಾದ ಉಕ್ಕಿನ ಕಮಾನು ಇರಬೇಕೆಂದು ಸ್ವೀಡನ್ ದೇಶವು ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯ ಮಾಡಿದುದು 1959ರಲ್ಲಿ, ನಮ್ಮ ದೇಶದ ಮೊದಲ ಟ್ರ್ಯಾಕ್ಟರು ಹೊರಬಂದ ವರ್ಷದಲ್ಲಿಯೇ. ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬರಬರುತ್ತ ತೀರ ಇಳಿಯಿತು. ನಮ್ಮ ಹಳ್ಳಿಗಳ ಟ್ರ್ಯಾಕ್ಟರಿನ ಮೇಲೆ ಕಾಣುವ ಬಣ್ಣದ ಮೇಲುಚಾವಣಿಯನ್ನು ಈ ಕಮಾನೆಂದು ಭ್ರಮಿಸಬಾರದು. ಅದು ತಡೆಯುವುದು ಬಿಸಿಲನ್ನು ಮಾತ್ರ. ನಿಜವಾದ ಕಮಾನಿದ್ದರೂ ಅದು ಕಾಪಾಡುವುದು ಪಟ್ಟಿ ಬಿಗಿದು ಪೀಠದಲ್ಲಿ ಕುಳಿತವನನ್ನು. ಮಡ್‌ಗಾರ್ಡಿನ ಮೇಲಿನ ಮಗು ಅದರ ರಕ್ಷಣೆಯ ಹೊರಗಿನದು.

ಸಣ್ಣ ಮಕ್ಕಳ ಪಾಲಿಗೆ ಇವೆಲ್ಲಕ್ಕಿಂತ ಕೆಟ್ಟದ್ದು ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಯುವ ಗಳಿಗೆ. ಮೂರು ವರ್ಷದ ಮಗುವಿನ ಎತ್ತರ ಸುಮಾರು ಮೂರು ಅಡಿ. ಟ್ರೇಲರು ಕಟ್ಟಿದ ಟ್ರ್ಯಾಕ್ಟರಿನ ಚಾಲಕನಿಗೆ ಹಿಂದಿರುವ ಮೂರಡಿಯ ಮಗು ಕಾಣುವ ಸಂಭವವೇ ಇಲ್ಲ. ಎಂಜಿನಿನ ಸದ್ದಿನಲ್ಲಿ ಅದರ ಅಳು ಕೇಳುವುದೂ ಇಲ್ಲ. ಸಂಜೆ ಹೊಲದಿಂದ ಅಪ್ಪ ಬಂದನೆಂದು ಮಗು ಓಡುವುದು ಆ ಸದ್ದಿನ ಕಡೆಗೇ. ಅಪ್ಪನ ಆಗಮನಕ್ಕೂ ಯಂತ್ರದ ಆಗಮನಕ್ಕೂ ಮಗುವಿನ ಮನಸ್ಸಿನಲ್ಲಿ ಭೇದವಿಲ್ಲ. ಆದುದರಿಂದ ಅಂಗಳದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿದೊಡನೆ ಮನೆಯಲ್ಲಿರುವ ಒಬ್ಬ ಹಿರಿಯರು, ಯಾರೋ ಒಬ್ಬರಲ್ಲ, ಇಂಥವರೇ ಎಂದು ಮೊದಲೇ ಗೊತ್ತುಮಾಡಿದ ಒಬ್ಬರು, ಮಗುವನ್ನು ಎತ್ತಿಕೊಂಡು ಕಣ್ಣಿಗೆ ಕಾಣುವಂತೆ ಕಟ್ಟೆಯ ಮೇಲೆ ನಿಲ್ಲಬೇಕು. ಅವರನ್ನು ನೋಡಿದ ಮೇಲೆಯೇ ಚಾಲಕನು ಗಾಡಿಯನ್ನು ಹಿಂದೆ ಸರಿಸಬೇಕು. ಹತ್ತು ಮಂದಿ ಇರುವ ಮನೆಯಲ್ಲಿ ಮಗುವನ್ನು ಹತ್ತು ಮಂದಿಯೂ ನೋಡಿಕೊಳ್ಳುತ್ತಾರೆಂದು ನಂಬುವುದು ಸಹಜ. ಪ್ರತಿಯೊಬ್ಬರೂ ಮಿಕ್ಕ ಒಂಬತ್ತು ಮಂದಿಯನ್ನು ನಂಬಿರುತ್ತಾರೆ.

ರಾಶಿಯಂತ್ರದ ವಿಷಯ ನಮ್ಮ ದೇಶದಲ್ಲಿ ಒಂದು ಪ್ರತ್ಯೇಕ ಕಾಯದೆಗೇ ಕಾರಣವಾಯಿತೆಂಬುದನ್ನು ಬಲ್ಲವರು ಕಡಿಮೆ. ತೆನೆ ನೂಕುವಾಗ ಕೈ ಒಳಗೆಳೆಯಲ್ಪಟ್ಟು ಅಂಗಹೀನರಾದ ಕೂಲಿಕಾರರ ಪಾಡು ಸಂಸತ್ತಿನವರೆಗೆ ಮುಟ್ಟಿ, 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯದೆ ಜಾರಿಗೆ ಬಂದಿತು. ಅದು ಮುಖ್ಯವಾಗಿ ಉದ್ದೇಶಿಸಿದ್ದು ಈ ಯಂತ್ರವನ್ನೇ. ಭಾರತೀಯ ಮಾನಕವೂ ಯಂತ್ರದ ಬಾಯಿಗೆ ಜೋಡಿಸುವ ದೋಣಿಯು ಕನಿಷ್ಠ 90 ಸೆಂಟಿಮೀಟರು ಉದ್ದವಿರಬೇಕೆಂದೂ ಅದರಲ್ಲಿ 45 ಸೆಂಟಿಮೀಟರು ಮೇಲ್ಭಾಗ ಮುಚ್ಚಿರಬೇಕೆಂದೂ ಹೇಳುತ್ತದೆ. ದೊಡ್ಡವರ ಕೈ ಒಳಗಿನ ಉರುಳೆಯನ್ನು ಮುಟ್ಟಬಾರದೆಂಬುದು ಈ ಅಳತೆಯ ಹಿಂದಿನ ಯುಕ್ತಿ. ಈ ಯುಕ್ತಿಯು ನೆಲದ ಮೇಲೆ ಕಾಲೂರಿ ನಿಂತ ವಯಸ್ಕನನ್ನು ಲೆಕ್ಕಕ್ಕೆ ಹಿಡಿದುದು. ಚೀಲಗಳ ಮೇಲೆ ಹತ್ತಿ ದೋಣಿಯೊಳಕ್ಕೆ ಬಗ್ಗುವ ಬಾಲಕನನ್ನಲ್ಲ. ಅದೂ ಅಲ್ಲದೆ ರಾಶಿಯ ಕಣದಲ್ಲಿ ಧೂಳು ಕಣ್ಣು ಕಟ್ಟುತ್ತದೆ, ಕೆಲಸ ನಡುರಾತ್ರಿಯವರೆಗೂ ನಡೆಯುತ್ತದೆ, ಹೊಟ್ಟಿನ ಮೆತ್ತನೆಯ ರಾಶಿ ಮಕ್ಕಳನ್ನು ಕರೆಯುತ್ತದೆ.

ಮೇವು ಕತ್ತರಿಸುವ ಯಂತ್ರವು ಗಾತ್ರದಲ್ಲಿ ಸಣ್ಣದು, ಆದುದರಿಂದ ಯಾರೂ ಅದಕ್ಕೆ ಹೆದರುವುದಿಲ್ಲ. ಕೈಯಿಂದ ತಿರುಗಿಸುವ ಮಾದರಿಯ ದೊಡ್ಡ ಗಾಲಿಯು ಮಕ್ಕಳ ಕಣ್ಣಿಗೆ ಜಾತ್ರೆಯ ತೊಟ್ಟಿಲಿನಂತೆ ತೋರುತ್ತದೆ. ಒಬ್ಬನು ತಿರುಗಿಸುತ್ತಾನೆ, ಇನ್ನೊಬ್ಬನು ಕಣಕಿಯನ್ನು ನೂಕುತ್ತಾನೆ, ಅಲಗು ಆ ಗಾಲಿಗೇ ಅಂಟಿಕೊಂಡಿರುತ್ತದೆ. ಇಲ್ಲಿ ಹೋಗುವುದು ಜೀವವಲ್ಲ, ಬೆರಳು. ಬೆರಳು ಹೋದ ಮಗುವಿನ ಬರವಣಿಗೆಯನ್ನು ತಿದ್ದಬೇಕಾದ ಉಪಾಧ್ಯಾಯರಿಗೆ ಅದು ಸಣ್ಣ ಮಾತಲ್ಲ. ಕೆಲಸ ಮುಗಿದೊಡನೆ ಗಾಲಿಗೆ ಅಗುಳಿ ಹಾಕಿ ಬೀಗ ಜಡಿಯುವುದಕ್ಕೂ, ವಿದ್ಯುತ್ತಿನದಾದರೆ ಗುಂಡಿಯನ್ನು ಮಕ್ಕಳ ಕೈಗೆ ನಿಲುಕದ ಎತ್ತರದಲ್ಲಿ ಕೂರಿಸುವುದಕ್ಕೂ ಖರ್ಚು ಅತ್ಯಲ್ಪ. ಪಂಪಿನ ಪಟ್ಟಿ, ಕಬ್ಬಿನ ಟ್ರೇಲರುಗಳ ನಡುವಣ ಕೊಂಡಿ, ಮೇಲೆತ್ತಿ ನಿಲ್ಲಿಸಿದ ಟ್ರೇಲರಿನ ಅಡಿ, ಇವುಗಳನ್ನು ಬಿಡಿಬಿಡಿಸಿ ಹೇಳುತ್ತ ಹೋದರೆ ಸಂಚಿಕೆ ಸಾಲದು.

ಮಕ್ಕಳಿಗೆ ಬುದ್ಧಿ ಹೇಳಿದರೆ ಸಾಲದೆ, ಎಂದು ಕೇಳುವವರುಂಟು. ಸಾಲದು. ಏಳೆಂಟು ವರ್ಷದೊಳಗಿನ ಮಗುವಿಗೆ ಚಲಿಸುವ ವಸ್ತುವಿನ ವೇಗವನ್ನೂ ದೂರವನ್ನೂ ಕೂಡಿಸಿ ಅಳೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನಿನ್ನೆ ಹೇಳಿಸಿಕೊಂಡ ಮಾತನ್ನು ಅದು ಒಪ್ಪಿಸಬಲ್ಲದು, ಇಂದು ಚೆಂಡು ಉರುಳಿದಾಗ ಅದನ್ನು ನೆನೆಯಲಾರದು. ಹದಿಮೂರು ಹದಿನಾಲ್ಕರ ಹುಡುಗನ ಸಂಗತಿ ಬೇರೆ. ಅವನಿಗೆ ಅಪಾಯ ತಿಳಿದಿದೆ, ಆದರೆ ಓರಗೆಯವರು ನೋಡುತ್ತಿರುವಾಗ ಆ ತಿಳಿವಳಿಕೆ ಹಿಂದೆ ಬೀಳುತ್ತದೆ. ಊರಿನ ಅಣ್ಣತಮ್ಮಂದಿರು ಟ್ರ್ಯಾಕ್ಟರು ನಡೆಸುವುದನ್ನು ಕಂಡ ನಗರದ ಹುಡುಗನಿಗೆ ತಾನೂ ಕಡಿಮೆಯಿಲ್ಲವೆಂದು ತೋರಿಸಬೇಕಾಗಿದೆ. ಇಬ್ಬರ ವಿಷಯದಲ್ಲಿಯೂ ಬಾಯಿಮಾತಿನ ಎಚ್ಚರಿಕೆಯು ಹೊಣೆಯನ್ನು ದೊಡ್ಡವರ ಹೆಗಲಿನಿಂದ ಇಳಿಸಿ ಸಣ್ಣವರ ಹೆಗಲಿಗೆ ಹೊರಿಸುವ ಉಪಾಯವಾಗಿ ಪರಿಣಮಿಸುತ್ತದೆ. ಏನಾದರೂ ಆದ ಮೇಲೆ ‘ಹೇಳಿದ್ದೆವು, ಕೇಳಲಿಲ್ಲ’ ಎನ್ನುವುದು ಸುಲಭ. ಬೇಲಿ, ಬೀಗ, ದೂರ, ಕಿಸೆಯಲ್ಲಿಟ್ಟ ಕೀಲಿಕೈ, ಇವು ಮಗು ಕೇಳಿದರೂ ಕೇಳದಿದ್ದರೂ ಕಾಯುತ್ತವೆ. ಯಂತ್ರ ಓಡುವಾಗ ಮಕ್ಕಳು ಆಡಲು ಬೇರೆ ಸ್ಥಳವೊಂದಿರಬೇಕು; ಹಳ್ಳಿಯ ಮನೆಗೆ ಅದು ಕಷ್ಟದ ಮಾತಲ್ಲ, ಮುಳ್ಳುಬೇಲಿ ಹಾಕಿ ದನದ ಕೊಟ್ಟಿಗೆ ಕಟ್ಟಬಲ್ಲವರು ಮಕ್ಕಳ ಅಂಗಳಕ್ಕೂ ಬೇಲಿ ಹಾಕಬಲ್ಲರು. ನಿಲ್ಲಿಸಿದ ಟ್ರ್ಯಾಕ್ಟರಿನ ಹಿಂದಿನ ಉಪಕರಣವನ್ನು ನೆಲಕ್ಕೆ ಇಳಿಸಿಯೇ ಬಿಡಬೇಕು. ಎತ್ತಿ ಬಿಟ್ಟ ರೋಟಾವೇಟರನ್ನು ಹಿಡಿದಿರುವುದು ಎಣ್ಣೆಯ ಒತ್ತಡ, ಸನ್ನೆಯನ್ನು ಮಗು ಮುಟ್ಟಿದರೆ ಅದು ಇಳಿಯುತ್ತದೆ.

ಇಷ್ಟರವರೆಗಿನದು ಸುಲಭದ ಭಾಗ. ಕಠಿಣವಾದ ಭಾಗ ಬೇರೆ ಇದೆ.

ನಗರದಿಂದ ವರ್ಷಕ್ಕೆರಡು ಸಲ ಊರಿಗೆ ಹೋಗುವ ಮಗನ, ಅದಕ್ಕಿಂತಲೂ ಹೆಚ್ಚಾಗಿ ಸೊಸೆಯ, ಸ್ಥಾನ ಎಂತಹದೆಂಬುದನ್ನು ನಾವೆಲ್ಲ ಬಲ್ಲೆವು. ಅಣ್ಣನು ಹೊಲ ನೋಡಿಕೊಂಡಿದ್ದಾನೆ, ಅಪ್ಪ ಅವ್ವರನ್ನು ನೋಡಿಕೊಂಡಿದ್ದಾನೆ. ಅವನು ಅಕ್ಕರೆಯಿಂದ ತಮ್ಮನ ಮಗನನ್ನು ಎತ್ತಿ ಮಡ್‌ಗಾರ್ಡಿನ ಮೇಲೆ ಕೂರಿಸುತ್ತಾನೆ. ಅಜ್ಜ ಕಟ್ಟೆಯ ಮೇಲೆ ಕುಳಿತು ನಗುತ್ತಾನೆ. ಆ ಕ್ಷಣದಲ್ಲಿ ‘ಬೇಡ, ಇಳಿಸು’ ಎಂದರೆ ಅದು ಅಣ್ಣನ ಕೈಗಾರಿಕೆಯ ಮೇಲೆ ಅಪನಂಬಿಕೆಯಾಗುತ್ತದೆ, ಪಟ್ಟಣದವರ ಬಿಂಕವಾಗುತ್ತದೆ, ‘ಊರು ನಿಮಗೆ ಬೇಡವಾಗಿದೆ’ ಎಂಬ ಮಾತಿಗೆ ಎಡೆಯಾಗುತ್ತದೆ. ‘ನಿನ್ನನ್ನೂ ಹಿಂಗೇ ಕೂಡ್ರಿಸಿದ್ದೆನಲ್ಲೋ, ಏನಾಗೇತಿ ನಿನಗ?’ ಎಂದು ಅಜ್ಜ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಏನೂ ಆಗದೆ ಉಳಿದವರು ಮಾತ್ರ ಈ ಪ್ರಶ್ನೆಗೆ ಉತ್ತರಿಸಲು ಎದುರಿಗಿದ್ದಾರೆಂಬುದನ್ನು ಅಜ್ಜನಿಗೆ ತಿಳಿಹೇಳುವುದು ಇನ್ನೂ ಕಷ್ಟ. ಹೀಗಾಗಿ ತಂದೆಯು ಸುಮ್ಮನಾಗುತ್ತಾನೆ. ತಾಯಿಯು ಮಾತನಾಡುವಂತಿಲ್ಲ. ಯಂತ್ರದ ದೋಷದಿಂದಲ್ಲ, ಚಾಲಕನ ಕುಡಿತದಿಂದಲ್ಲ, ಮನೆಯವರ ಮಮತೆಯಿಂದಲೂ ಹಿರಿಯರ ಮೇಲಿನ ಗೌರವದಿಂದಲೂ ಮಗು ಅಪಾಯದ ಮೇಲೆ ಹೋಗಿ ಕೂರುತ್ತದೆ.

ಈ ಸಂಕೋಚವನ್ನು ನುಂಗುವುದೇ ಪಾಲಕತ್ವದ ಹೊಣೆಯಲ್ಲಿ ಅತ್ಯಂತ ಭಾರವಾದ ಅಂಶವೆಂದು ನಮ್ಮ ಅಭಿಪ್ರಾಯ. ಅದನ್ನು ಹಗುರಗೊಳಿಸುವ ದಾರಿಯೊಂದುಂಟು. ಗಾಡಿ ಚಾಲೂ ಆದ ಮೇಲೆ ಎಲ್ಲರೆದುರಿಗೆ ತಡೆಯುವುದಕ್ಕಿಂತ, ಊರಿಗೆ ಹೊರಡುವ ಮೊದಲೇ ಫೋನಿನಲ್ಲಿ ಅಣ್ಣನೊಡನೆ ಏಕಾಂತವಾಗಿ ಮಾತನಾಡುವುದು ಲೇಸು. ‘ಅಣ್ಣಾ, ಹುಡುಗರನ್ನು ಗಾಡಿಯ ಮೇಲೆ ಹತ್ತಿಸುವುದು ಬೇಡ, ನಿನ್ನ ಮಕ್ಕಳೂ ಇಳಿದರೆ ನನ್ನವರು ಹಟ ಮಾಡುವುದಿಲ್ಲ’ ಎಂದರೆ ಅದು ಆಕ್ಷೇಪವಾಗದೆ ಕೋರಿಕೆಯಾಗುತ್ತದೆ. ನಿಯಮವು ನಗರದ ಮಕ್ಕಳಿಗೆ ಮಾತ್ರ ಇರಕೂಡದು. ಊರಿನಲ್ಲಿಯೇ ಬೆಳೆಯುವ ಮಕ್ಕಳು ವರ್ಷವಿಡೀ ಆ ಚಕ್ರಗಳ ಬಳಿಯಲ್ಲಿರುವವರು. ಸೂಟಿಯಲ್ಲಿ ಬಂದುಹೋಗುವವರಿಗಿಂತ ಅವರ ಮೇಲಿನ ಅಪಾಯ ಎಷ್ಟೋ ಪಾಲು ಹೆಚ್ಚು. ತನ್ನ ಮಗುವನ್ನು ಮಾತ್ರ ಇಳಿಸಿಕೊಂಡು ಅಣ್ಣನ ಮಗುವನ್ನು ಮೇಲೆ ಬಿಟ್ಟುಬರುವ ಜಾಣತನವನ್ನು ಊರವರು ಪಟ್ಟಣದ ಬಿಂಕವೆಂದು ಕರೆದರೆ ತಪ್ಪೇನು?

ಅಣ್ಣನು ಒಪ್ಪದಿದ್ದರೆ ಕಾಯದೆಯ ಮಾತನ್ನೂ ಮೆಲ್ಲನೆ ತಿಳಿಸಬಹುದು. ಹದಿನೆಂಟು ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಟ್ರ್ಯಾಕ್ಟರು ನಡೆಸುವಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯದೆಗೆ ಸೇರಿಸಿದ 199ಎ ಕಲಮಿನ ಪ್ರಕಾರ, ಬಾಲಕನು ವಾಹನ ನಡೆಸಿ ಅಪರಾಧವೆಸಗಿದರೆ ಅವನ ಪಾಲಕನೇ ಅಥವಾ ವಾಹನದ ಒಡೆಯನೇ ತಪ್ಪಿತಸ್ಥ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು. ಬಾಲಕಾರ್ಮಿಕ ಕಾಯದೆಯು 2016ರ ತಿದ್ದುಪಡಿಯ ತರುವಾಯ, ಹದಿನಾಲ್ಕರೊಳಗಿನ ಮಕ್ಕಳು ಶಾಲೆ ಬಿಟ್ಟ ಮೇಲೆ ಅಥವಾ ಸೂಟಿಯಲ್ಲಿ ಮನೆಯವರ ಕಸುಬಿಗೆ ನೆರವಾಗಲು ಸಮ್ಮತಿಸುತ್ತದೆ, ಆದರೆ ಅಪಾಯದ ಕೆಲಸಗಳಿಗೆ ಸಮ್ಮತಿಸುವುದಿಲ್ಲ. ಟ್ರ್ಯಾಕ್ಟರು, ಒಕ್ಕುವ ಮತ್ತು ಕೊಯ್ಯುವ ಯಂತ್ರಗಳನ್ನು ಬಳಸುವ ಬೇಸಾಯದ ಕೆಲಸವೂ ಮೇವು ಕತ್ತರಿಸುವುದೂ ಆ ಪಟ್ಟಿಯಲ್ಲಿ ಹೆಸರು ಹಿಡಿದು ಸೇರಿವೆ. ಬ್ರಿಟನ್ನಿನಲ್ಲಿ 1958ರಷ್ಟು ಹಿಂದೆಯೇ ಹದಿಮೂರರೊಳಗಿನ ಮಕ್ಕಳು ಹೊಲದ ಕೆಲಸದಲ್ಲಿರುವ ಟ್ರ್ಯಾಕ್ಟರನ್ನು ಏರುವುದನ್ನೂ ನಡೆಸುವುದನ್ನೂ ನಿಷೇಧಿಸಿದರು. ಆದರೆ ಒಡ್ಡಿನಾಚೆಯ ಹೊಲಕ್ಕೆ ಪೋಲೀಸರು ಬರುವುದಿಲ್ಲ. ಅಲ್ಲಿ ಕಾಯದೆಯ ಕೈ ತಾಯಿತಂದೆಗಳ ಕೈಯೇ.

ಎಲ್ಲ ತಾಯಿತಂದೆಗಳಿಗೂ ಆ ಕೈ ಬಿಡುವಾಗಿಲ್ಲವೆಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಪರರ ಕಣದಲ್ಲಿ ಕೂಲಿಗೆ ತೆನೆ ನೂಕುವ ಹೆಂಗಸು ತನ್ನ ಕೂಸನ್ನು ಎಲ್ಲಿ ಮಲಗಿಸಬೇಕು? ಮರವಿಲ್ಲದ ಬಯಲಿನಲ್ಲಿ ಟ್ರೇಲರಿನ ಅಡಿಯಷ್ಟೇ ನೆರಳು. ಕಬ್ಬು ಕಡಿಯಲು ತಾಂಡೆಯಿಂದ, ಹಳ್ಳಿಯಿಂದ, ಸಂಸಾರಸಮೇತ ಹೊರಟವರ ಮಕ್ಕಳು ಕಬ್ಬಿನ ಸಾಲುಗಳ ನಡುವೆಯೇ ನಿದ್ದೆಹೋಗುತ್ತಾರೆ, ಟ್ರ್ಯಾಕ್ಟರುಗಳು ಬೆಳಗಿನ ಕತ್ತಲಲ್ಲಿ ಅಲ್ಲಿಗೆ ಬರುತ್ತವೆ. ಅವರಿಗೆ ‘ಎಚ್ಚರವಿರಬೇಕು’ ಎಂದು ಉಪದೇಶಿಸುವುದು ಉದ್ಧಟತನ. ಅಲ್ಲಿ ಹೊಣೆ ಹೊಲದ ಒಡೆಯನದು, ಯಂತ್ರದ ಒಡೆಯನದು. ಕಣದಿಂದ ದೂರದಲ್ಲಿ ನಾಲ್ಕು ಗಳ ನೆಟ್ಟು ತಟ್ಟಿನ ನೆರಳು ಮಾಡಿ, ಒಬ್ಬ ಮುದುಕಿಗೆ ದಿನಗೂಲಿ ಕೊಟ್ಟು ಮಕ್ಕಳ ಬಳಿ ಕೂರಿಸಿದರೆ ತಗಲುವ ವೆಚ್ಚವು ಯಂತ್ರದ ಒಂದು ತಾಸಿನ ಬಾಡಿಗೆಯನ್ನು ಮೀರಲಾರದು.

ವಿದ್ಯಾರ್ಥಿಗಳೇ, ಇನ್ನು ನಿಮ್ಮೊಡನೆ ಎರಡು ಮಾತು. ಊರಿನಲ್ಲಿ ನಿಮಗೆ ಮಾಡುವ ಕೆಲಸವಿಲ್ಲವೆಂದಲ್ಲ. ನೀರು ಹಾಯಿಸಿರಿ, ಕಳೆ ತೆಗೆಯಿರಿ, ಬುತ್ತಿ ಒಯ್ಯಿರಿ, ಕರುವನ್ನು ಮೇಯಿಸಿರಿ. ಬುತ್ತಿ ಒಯ್ದಾಗ ಟ್ರ್ಯಾಕ್ಟರು ನಡೆದಿದ್ದರೆ ಹಿಂದಿನಿಂದ ಹತ್ತಿರ ಹೋಗದೆ, ಚಾಲಕನ ಕಣ್ಣಿಗೆ ಬೀಳುವಂತೆ ಎದುರಿಗೆ ದೂರದಲ್ಲಿ ನಿಂತು ಕೈಬೀಸಿರಿ. ಎಂಜಿನು ನಿಂತು, ಅವನು ಕೆಳಗಿಳಿದ ಮೇಲೆಯೇ ಹೆಜ್ಜೆಯಿಡಿರಿ. ಕಣದ ಹತ್ತಿರ ಹೋಗಬೇಕಾದರೆ ಹುಡುಗಿಯರು ಜಡೆಯನ್ನು ಮೇಲೆತ್ತಿ ಕಟ್ಟಿರಿ, ಓಢಣಿಯನ್ನು ಮನೆಯಲ್ಲಿಯೇ ಬಿಡಿರಿ. ತಿರುಗುವ ದಂಡವನ್ನು ಯಾವ ಕಾರಣಕ್ಕೂ ದಾಟಬೇಡಿರಿ, ಅದು ಎಷ್ಟೇ ಹತ್ತಿರದ ಹಾದಿಯಾಗಿರಲಿ. ಊರಿನ ಗೆಳೆಯರು ನಕ್ಕರೆ ಮೇಲಿನ ಗುಣಾಕಾರವನ್ನು ಅವರಿಂದಲೂ ಮಾಡಿಸಿರಿ.

ಅನಾಹುತವಾದಾಗ ಏನು ಮಾಡಬೇಕೆಂಬುದು ಎಲ್ಲರಿಗೂ ತಿಳಿದಿರಬೇಕು. ಮೊದಲು ಎಂಜಿನು ನಿಲ್ಲಬೇಕು, ಆಮೇಲೆ ಮಗುವಿನ ಕಡೆಗೆ ಧಾವಿಸಬೇಕು. ಆದುದರಿಂದ ಎಂಜಿನು ನಿಲ್ಲಿಸುವ ಗುಂಡಿ ಎಲ್ಲಿದೆಯೆಂಬುದನ್ನು ಮನೆಯ ಹೆಂಗಸರೂ ಅರಿತಿರಬೇಕು. ಯಂತ್ರದಲ್ಲಿ ಸಿಕ್ಕಿದ ಕೈಯನ್ನು ಜಗ್ಗಬಾರದು, ಉರುಳೆಯನ್ನು ಹಿಂದಕ್ಕೆ ತಿರುಗಿಸಲೂಬಾರದು. ಯಂತ್ರದ ಭಾಗಗಳನ್ನು ಬಿಚ್ಚಬಲ್ಲವನನ್ನು ಕರೆಯಿಸಬೇಕು. ರಕ್ತ ಸೋರುವ ಕಡೆ ಶುಭ್ರವಾದ ಬಟ್ಟೆಯನ್ನು ಒತ್ತಿಹಿಡಿಯಬೇಕು. ಅರಿಷಿಣ, ಕಾಫಿಪುಡಿ, ಸಗಣಿ ಯಾವುದನ್ನೂ ಮೆತ್ತಬಾರದು. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಿರುವ ಪಾತ್ರೆಯಲ್ಲಿಟ್ಟು ಮಗುವಿನೊಡನೆಯೇ ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಗಲಕೂಡದು. ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ 108 ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸು ಬರುತ್ತದೆ. ಕರೆಮಾಡುವಾಗ ಊರಿನ ಹೆಸರಿನ ಜೊತೆಗೆ ತಾಲೂಕಿನ ಹೆಸರನ್ನೂ, ಹೊಲವು ಯಾವ ರಸ್ತೆಗೆ ಹತ್ತಿರವೆಂಬುದನ್ನೂ ಹೇಳಬೇಕು. ಒಬ್ಬರನ್ನು ಬ್ಯಾಟರಿ ಕೊಟ್ಟು ರಸ್ತೆಯ ಬದಿಗೆ ನಿಲ್ಲಿಸಬೇಕು.